ಕೆಂಪು ಕಾಣದ ಚಳಿಗಾಲ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಬಣ್ಣದಕ್ಕ ಎಂದೇ. ಗಿರಾಕಿ ಕಳಿಸಿದ ತುಂಡನ್ನೂ ತೊಟ್ಟಿಯಿಂದ ಬಂದ ಬಟ್ಟೆಯನ್ನೂ ಕಿಟಕಿಯ ಪಕ್ಕ ಜೋಡಿಸಿ ಹಿಡಿದು, ಎರಡರ ಬಣ್ಣವೂ ಒಂದೇ ಹೌದೋ ಅಲ್ಲವೋ ಎಂದು ಹೇಳುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಅವಳ ಮಾತಿಗೆ ಎದುರಾಡಿದವರಿಲ್ಲ. ಈ ಹಾಳು ಚಳಿಗಾಲ ಅದಕ್ಕೂ ಕಲ್ಲು ಹಾಕಿತು.

ಒಂದು ತಿಂಗಳಿಂದ ಸೂರ್ಯನ ಪತ್ತೆಯಿಲ್ಲ. ಆಕಾಶವೆಂಬುದು ಪಾತ್ರೆ ತೊಳೆದ ನೀರಿನ ಹಾಗಿತ್ತು. ಬೆಳಿಗ್ಗೆ ಏಳಲು ಮನಸ್ಸಿಲ್ಲ, ತಲೆ ಬಾಚಲು ಬೇಸರ, ಊಟ ಬಾಯಿಗೆ ಸೇರದು. ಅಷ್ಟು ಸಾಲದೆಂಬಂತೆ, ಅವಳು ಸರಿಯೆಂದ ಬೂದುಬಣ್ಣದ ಪರದೆ ಬಟ್ಟೆ ಎರಡು ಸಲ ವಾಪಸು ಬಂದಿತ್ತು. ಕೆಂಪು ಹೊಡೆಯುತ್ತಿದೆ ಎಂದು ಗಿರಾಕಿ ಚೀಟಿ ಬರೆದಿದ್ದ. ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು ಎಷ್ಟು ತಿರುಗಿಸಿ ನೋಡಿದರೂ ಅವಳಿಗೆ ಎಳ್ಳಷ್ಟೂ ಕೆಂಪು ಕಾಣಲಿಲ್ಲ. ಕಣ್ಣೇ ಕೈಕೊಟ್ಟಿತೇನೋ ಎಂದು ಒಳಗೊಳಗೇ ಹೆದರಿದಳು.

ಮೂರನೆಯ ಸಲದ ಬಟ್ಟೆಯನ್ನೂ ಅವಳು ಸರಿಯೆಂದಾಗ ಕಾರ್ಖಾನೆಯ ಯಜಮಾನರು ಹೇಳಿದರು, "ಇದೂ ವಾಪಸ್ ಬಂದ್ರೆ ನೀವು ಬಟ್ಟೆ ಮಡಿಚೋ ಕೆಲಸಕ್ಕೆ ಹೋಗ್ಬಿಡಿ. ಇಲ್ಲಿಗೆ ಬೇರೆಯವರನ್ನ ನೋಡ್ಕೋತೀನಿ." ದನಿಯೇರಿಸಲಿಲ್ಲ ಪುಣ್ಯಾತ್ಮ, ಅದೇ ಅವಳನ್ನು ಇನ್ನಷ್ಟು ಉರಿಸಿತು.

ಊಟದ ಹೊತ್ತಿಗೆ ಅಕ್ಕನ ಫೋನು. "ಏನೇ, ಕೆರೆ ಕಡೆ ನಡೆದಾಡು ಅಂದಿದ್ನಲ್ಲ, ಹೋದ್ಯಾ? ಗಿಡ ಮರ ನೋಡಿದ್ರೆ ಮನಸ್ಸು ಅರಳುತ್ತೆ ಕಣೇ."

"ನಾಲ್ಕು ದಿನ ಹೋದೆ ಅಕ್ಕ. ಕೆಸರು ನೋಡ್ದೆ. ಬಾತುಕೋಳಿಗಳೂ ನನ್ನ ಮುಖ ನೋಡಿ ಆ ಕಡೆ ತಿರುಗಿ ಕೂತ್ವು."

"ಮಂಕು ಕಳೀಲಿ ಅಂತ ನಾನು ಕೊಟ್ಟ ಟೇಬಲ್ ದೀಪ ಆದ್ರೂ ಹಚ್ಕೋತಿದೀಯಾ?"

"ಹೂಂ, ಕೆಲಸದ ಮೇಜಿನ ಮೇಲೇ ಇಟ್ಕೊಂಡಿದೀನಿ. ಇಡೀ ದಿನ ಉರೀತಿರುತ್ತೆ. ಫೋನ್ ಇಡ್ಲಾ?"

ಊಟದ ಕೋಣೆಯಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನಿಸಿ, ಗಿರಾಕಿಯದೂ ಹೊಸ ಬಟ್ಟೆಯದೂ ಎರಡೂ ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು ಕಾರ್ಖಾನೆಯ ಹಿಂದಿನ ಕೆರೆಗೆ ಹೊರಟಳು. ಅಲ್ಲಿ ಹೊಸದೇನಿತ್ತು? ಬೂದು ನೀರು, ಬೂದು ಕಲ್ಲು, ಎಲೆ ಉದುರಿಸಿಕೊಂಡು ನಿಂತ ಪೊದೆ. ಇದನ್ನು ನೋಡಿ ಅರಳಬೇಕಂತೆ! ಬೈದುಕೊಳ್ಳುತ್ತಲೇ, ಕೈ ಸುಮ್ಮನಿರದೆ ಎರಡೂ ತುಂಡು ಜೋಡಿಸಿ ಹಿಡಿದಳು.

ಹೊಸ ಬಟ್ಟೆ ಕೆಂಪು ಹೊಡೆಯುತ್ತಿತ್ತು. ಎದ್ದು ಕಾಣುವಷ್ಟು.

ಈ ಮಂಕು ಹಗಲಲ್ಲಿ ಕಂಡದ್ದು ಒಳಗೆ ಯಾಕೆ ಕಾಣಲಿಲ್ಲ? ದೀಪ! ಅಕ್ಕನ ಆ ಹಳದಿ ದೀಪ ಎರಡೂ ತುಂಡಿಗೆ ತನ್ನ ಬಣ್ಣವನ್ನೇ ಬಳಿದು ಕೆಂಪನ್ನೆಲ್ಲ ನುಂಗಿ ಹಾಕಿತ್ತು. ಬಣ್ಣ ನೋಡುವ ಮೇಜಿನ ಹತ್ತಿರ ದೀಪ ತರಬೇಡಿ ಎಂದು ಹೊಸಬರಿಗೆಲ್ಲ ಪಾಠ ಹೇಳಿದವಳು, ಮನಸ್ಸಿಗೆ ಹಿತವೆಂದು ತಾನೇ ಹಚ್ಚಿಟ್ಟುಕೊಂಡು ಕೂತಿದ್ದಳು. ಕೆನ್ನೆಗೆ ಎರಡು ಬಾರಿಸಿಕೊಳ್ಳಬೇಕೆನಿಸುವಷ್ಟು ಸಿಟ್ಟು ಬಂತು. ಅದರ ಹಿಂದೆಯೇ ಅಳುವೂ ಬಂತು. ಕಣ್ಣು ಹೋಗಿರಲಿಲ್ಲ.

ಮೂಗೊರೆಸಿಕೊಂಡು ತಲೆಯೆತ್ತಿದರೆ, ಬೋಳು ಪೊದೆಯ ಕಡ್ಡಿಗಳ ತುದಿಯಲ್ಲೂ ಕೆಂಪು. ಕಲ್ಲಿನ ಪಾಚಿಯಲ್ಲಿ ಮೂರು ಬಗೆಯ ಹಸಿರು. ನೀರು ದಂಡೆಯ ಬಳಿ ಕಂದು, ನಡುವೆ ನೀಲಿ ಬೆರೆತ ಬೂದು. ನಾಲ್ಕು ದಿನ ಗೊಣಗುತ್ತ ಇದೇ ದಾರಿಯಲ್ಲಿ ಓಡಾಡಿದವಳು ಇದರಲ್ಲೊಂದನ್ನೂ ನೋಡಿರಲಿಲ್ಲ.

ಯಜಮಾನರಿಗೆ ಫೋನು ಹಚ್ಚಿದಳು. "ಬಟ್ಟೆ ಲಾರಿಗೆ ಹಾಕ್ಬೇಡಿ. ಕೆಂಪು ಹೊಡೀತಿದೆ. ತಪ್ಪು ನಂದೇ, ದೀಪದ ಬೆಳಕಲ್ಲಿ ನೋಡಿದ್ದೆ."

"ದೀಪದಲ್ಲಾ? ನೀವಾ?"

"ನಾನೇ. ಬೈಯೋದನ್ನ ಆಮೇಲೆ ಬೈರಿ. ಕೆಂಪು ಅಡಗೋಕೆ ಹಸಿರು ಒಂದು ಚಿಟಿಕೆ ಜಾಸ್ತಿ ಸೇರಿಸಿ ಇನ್ನೊಂದು ಸಲ ಬಣ್ಣ ಹಾಕ್ಸಿ."

"ಸರಿ, ಹಾಕಿಸ್ತೀನಿ. ನೀವೇ ನೋಡ್ಬೇಕು ಮತ್ತೆ. ಎಲ್ಲಿದೀರಿ ಈಗ?"

"ಕೆರೆ ಹತ್ರ."

"ಈ ಚಳೀಲಿ ಅಲ್ಲೇನ್ರೀ ಮಾಡ್ತಿದೀರಿ?"

"ನೋಡ್ತಿದೀನಿ," ಎಂದಳು. ಊಟದ ಬಿಡುವು ಮುಗಿಯಲು ಇನ್ನೂ ಹತ್ತು ನಿಮಿಷವಿತ್ತು. ಅಷ್ಟನ್ನೂ ಅವಳು ಅಲ್ಲೇ ಕಳೆದಳು.