ಲವಾನ್ ಮುಚ್ಚಿದ ದಾರಿ

ಮರಳುಗಾಡಿನ ಅಂಚಿನ ಸಾರೆಲ್ ಊರಿನಲ್ಲಿ ವಸಂತ ಬಂತೆಂದರೆ ಮದುವೆಯವರ ಗಲಾಟೆ ಶುರು. ದೂರದ ಊರುಗಳಿಂದ ಜೋಡಿಗಳು ಬರುತ್ತವೆ, ಕೆಂಪು ಬಂಡೆಗಳ ಮುಂದೆ ನಿಂತು ಉಂಗುರ ಬದಲಾಯಿಸಿಕೊಳ್ಳುತ್ತವೆ, ಫೋಟೊ ತೆಗೆಸಿಕೊಂಡು ಹೊರಟುಹೋಗುತ್ತವೆ. ಹಿಂದೆ ಉಳಿಯುವುದು ಮಿಂಚುವ ಕಾಗದದ ಚೂರು, ಪ್ಲಾಸ್ಟಿಕ್ ಹೂವಿನ ಎಸಳು, ಮುಳ್ಳುಗಿಡಕ್ಕೆ ಸಿಕ್ಕಿಕೊಂಡ ಟಾಯ್ಲೆಟ್ ಪೇಪರ್. ಜನ ಇದನ್ನು ಓಡಿಹೋಗಿ ಮದುವೆಯಾಗುವುದು ಎನ್ನುತ್ತಾರೆ. ಹೆಸರು ಹಳೆಯದು, ರೀತಿ ಹೊಸದು. ಈಗ ಅಪ್ಪ ಅಮ್ಮನ ಕಣ್ಣು ತಪ್ಪಿಸಿ ಓಡುವವರು ಯಾರಿದ್ದಾರೆ? ಅಪ್ಪ ಅಮ್ಮನೇ ಬುತ್ತಿ ಕಟ್ಟಿಕೊಂಡು ಜೊತೆಗೆ ಓಡುತ್ತಾರೆ. ನೂರಾರು ಜನರ ಔತಣ ಬೇಡ, ನಾಲ್ಕಾರು ಮಂದಿ ಸಾಕು ಎನ್ನುವುದಷ್ಟೇ ಅದರ ಅರ್ಥ.

ಲವಾನ್ ಮಾತ್ರ ನಿಜವಾಗಿಯೂ ಓಡಿಹೋದವಳು. ಚಿಕ್ಕ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ತಾನು ಮೆಚ್ಚಿದ ಹುಡುಗ ಥೇನ್‌ನ ಪಿಕಪ್ ಗಾಡಿ ಹತ್ತಿದವಳೇ ಊರಾಚೆಯ ಬಯಲಿನ ಮೇಲೆ ನೇರವಾಗಿ ಓಡಿಸಿಕೊಂಡು ಹೋಗಿ, ಅಲ್ಲಿದ್ದ ಒಂಟಿ ಜೂನಿಪರ್ ಮರದ ಕೆಳಗೆ ಮದುವೆಯಾದಳು. ಅವಳ ಅಪ್ಪ ಒಂದು ಬೇಸಿಗೆಯಿಡೀ ಮಾತು ಬಿಟ್ಟಿದ್ದ. ಥೇನ್ ತೀರಿಕೊಂಡು ಈಗ ಮೂರು ವರ್ಷ. ಗಾಡಿ ಇನ್ನೂ ಅವಳ ಕೊಟ್ಟಿಗೆಯಲ್ಲಿದೆ. ಎಂಜಿನ್ ಜಡವಾಗಬಾರದೆಂದು ಪ್ರತಿ ವಾರ ತಾನೇ ಅದನ್ನು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಅದರಲ್ಲೇ ಕುಳಿತಿರುತ್ತಾಳೆ.

ಆದ್ದರಿಂದ ಮಗಳು ಕೊರಾ, "ಅಮ್ಮ, ನಾನೂ ಎಮಿಲಿಯೊನೂ ಮರಳುಗಾಡಲ್ಲೇ ಮದುವೆ ಆಗ್ತೀವಿ" ಎಂದಾಗ ಲವಾನ್‌ಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

"ಅದೇ ಮರ! ಅದೇ ಗಾಡಿ! ನೀವಿಬ್ರೂ ಮುಂದೆ ಕೂತ್ಕೊಳ್ಳಿ, ನಾನು ಹಿಂದೆ ಅಕ್ಕಿ ಚೀಲ ಹಿಡ್ಕೊಂಡು ಕೂತ್ಕೋತೀನಿ."

"ಗಾಡಿ ಬೇಡಮ್ಮ. ರಸ್ತೆ ಮುಗಿಯೋ ಕಡೆ ಇಳಿದು ಒಣಹಳ್ಳದಲ್ಲಿ ನಡ್ಕೊಂಡು ಹೋಗೋಣ ಅಂತ ನೆಡ್ರಾ ಹೇಳಿದಾಳೆ. ಆ ಬಯಲ ಮೇಲೆ ಗಾಡಿ ಓಡಿಸಬಾರ್ದಂತೆ, ಅಕ್ಕಿನೂ ಎರಚಬಾರ್ದಂತೆ."

ನೆಡ್ರಾ ಪಕ್ಕದ ಮನೆಯವಳು. ಹೊರಗಿನಿಂದ ಬರುವ ಜೋಡಿಗಳಿಗೆ ಮರಳುಗಾಡಿನಲ್ಲಿ ಜಾಗ ತೋರಿಸಿ, ಪರವಾನಗಿ ಮಾಡಿಸಿಕೊಟ್ಟು, ಮದುವೆ ಮುಗಿದ ಮೇಲೆ ಒಂದು ಚೂರು ಕಸ ಉಳಿಯದಂತೆ ಬಾಚಿಕೊಂಡು ಬರುವುದು ಅವಳ ಕೆಲಸ. ಲವಾನ್ ಅವಳನ್ನು ಅಡುಗೆಮನೆಗೆ ಕರೆಸಿದಳು. ಕೊರಾಳ ಎದುರಿಗೇ, ಕ್ಯಾರೆಟ್ ತುರಿಯುತ್ತಲೇ ವಿಚಾರಣೆ ಶುರುವಾಯಿತು.

"ಏನೇ ನೆಡ್ರಾ, ನನ್ನ ಮಗಳ ತಲೆಗೆ ಏನೇನು ತುಂಬ್ತಿದೀಯ?"

"ತುಂಬೋಕೆ ಜಾಗ ಎಲ್ಲಿದೆ ಮಾರಾಯ್ತಿ? ನಿನ್ನ ಮಗಳಲ್ವಾ, ಹುಟ್ಟಿದಾಗಲೇ ತುಂಬ್ಕೊಂಡು ಬಂದಿದಾಳೆ."

"ತಮಾಷೆ ಬಿಡು. ಅಕ್ಕಿ ಯಾಕೆ ಎರಚಬಾರ್ದು?"

"ಎರಚಿದ ಅಕ್ಕಿಗೆ ಇಲಿ ಬರ್ತವೆ. ಮನುಷ್ಯರು ಬಂದ್ರೆ ಊಟ ಅಂತ ಒಂದ್ಸಲ ರುಚಿ ಹತ್ತಿದ್ರೆ ಮುಂದಿನ ಮದುವೆಗೆ ಬುತ್ತಿನೇ ತೂತು ಮಾಡ್ತವೆ."

"ಒಣಹುಲ್ಲಿನ ಅಲಂಕಾರ?"

"ಅಂಗಡಿಯಿಂದ ತರೋ ಹುಲ್ಲಿನ ಬೀಜ ಗಾಳಿಗೆ ಹಾರಿ ಇಲ್ಲೇ ಬೇರು ಬಿಡುತ್ತೆ. ನಿನ್ನ ತೋಟದ ಹೂವು ಕೈಯಲ್ಲಿ ಹಿಡ್ಕೊಂಡು ಹೋಗಿ, ಕೈಯಲ್ಲೇ ವಾಪಸ್ ತಂದ್ರೆ ಸಾಕು."

"ನನ್ನ ಹಸಿರು ಜೆಲ್ಲಿ? ಈ ಕ್ಯಾರೆಟ್ ತುರಿಯೆಲ್ಲ ಅದಕ್ಕೇ."

"ಅದನ್ನ ತಡೆಯೋ ಧೈರ್ಯ ನನಗಿಲ್ಲ. ಡಬ್ಬಿಯಲ್ಲಿ ತಂದು ಡಬ್ಬಿಯಲ್ಲೇ ವಾಪಸ್ ಒಯ್ಯಬೇಕು ಅಷ್ಟೆ. ಇನ್ನೊಂದು..." ನೆಡ್ರಾ ತನ್ನ ಕೈಚೀಲದಿಂದ ಗಟ್ಟಿ ಜಿಪ್ ಇದ್ದ ಸಣ್ಣ ಚೀಲವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಬರೋ ಪ್ರತಿಯೊಬ್ಬರಿಗೂ ಇದೊಂದು. ಯಾರಿಗಾದ್ರೂ ಅವಸರ ಆದ್ರೆ ಇದರಲ್ಲೇ ಮುಗಿಸಿ, ಕಟ್ಟಿ, ಊರಿಗೆ ತರೋದು. ಆ ಒಣಮಣ್ಣಲ್ಲಿ ಹೂತಿಟ್ರೂ ಬೇಗ ಕೊಳೆಯಲ್ಲ."

ಲವಾನ್ ತುರಿಯುವುದನ್ನು ನಿಲ್ಲಿಸಿದಳು. "ಮದುವೆಗೆ ಬಂದವರ ಕೈಗೆ ಕಕ್ಕಸಿನ ಚೀಲ ಕೊಡ್ತೀಯಾ? ನನ್ನ ನಾದಿನಿ ಈ ಜನ್ಮದಲ್ಲಿ ಮರೆಯಲ್ಲ!"

ಕೊರಾ ನಕ್ಕಳು, ನೆಡ್ರಾನೂ ನಕ್ಕಳು. ಲವಾನ್‌ಗೂ ನಗು ಬಂದಿತ್ತು, ಆದರೆ ಬಿಟ್ಟುಕೊಡಲಿಲ್ಲ.

"ಅಕ್ಕಿ ಬೇಡ ಅಂದ್ರಿ, ಸರಿ. ಚೀಲನೂ ಒಪ್ಕೋತೀನಿ. ಗಾಡಿ ಯಾಕೆ ಬೇಡ? ಅಲ್ಲಿ ಹಾಳಾಗೋಕೆ ಏನಿದೆ ಹೇಳು? ಬರೀ ಕರಿ ಕರಿ ಮಣ್ಣು. ನಿಮ್ಮಪ್ಪನ ಗಾಡಿಯ ಗುರುತು ಇವತ್ತಿಗೂ ಅಲ್ಲಿದೆ ಕೊರಾ, ರಸ್ತೆಯಿಂದಲೇ ಕಾಣುತ್ತೆ. ಅದರ ಮೇಲೇ ನೀನೂ ಹೋಗ್ಬೇಕು ಅನ್ನೋದು ನನ್ನಾಸೆ. ಆ ಗಾಡಿ ಬರದ ಮದುವೆಗೆ ನಾನೂ ಬರಲ್ಲ."

ಯಾರೂ ನಗಲಿಲ್ಲ. ಕೊರಾಳ ಕಣ್ಣು ತುಂಬಿತು. "ನೀನಿಲ್ಲದೆ ನಂಗೆ ಯಾವ ಮದುವೆನೂ ಬೇಡ" ಎಂದಷ್ಟೇ ಹೇಳಿ ಅಂಗಳಕ್ಕೆ ಎದ್ದು ಹೋದಳು. ಲವಾನ್ ಅವಳ ಹಿಂದೆ ಬಾಗಿಲಿನವರೆಗೆ ಹೋಗಿ ನಿಂತಳು. ಆದರೂ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಥೇನ್‌ನದು ಎಂದು ಅವಳಿಗೆ ಉಳಿದಿದ್ದೇ ಎರಡು, ಒಂದು ಆ ಗಾಡಿ, ಇನ್ನೊಂದು ಬಯಲಿನ ಮೇಲಿನ ಆ ಗುರುತು.

ನೆಡ್ರಾ ಮೆಲ್ಲಗೆ ಕೇಳಿದಳು, "ನೀನು ಆ ಮರದ ಹತ್ರ ಹೋಗಿ ಎಷ್ಟು ದಿನ ಆಯ್ತು?"

"ಥೇನ್ ಇದ್ದಾಗ ಒಂದೆರಡು ಸಲ ರಸ್ತೆಯಲ್ಲಿ ನಿಂತು ನೋಡಿದ್ವಿ. ಹತ್ರ ಹೋಗಿ ಬಹಳ ವರ್ಷ ಆಯ್ತು."

"ಹಾಗಾದ್ರೆ ನಾಳೆ ಬೆಳಿಗ್ಗೆ ನನ್ನ ಜೊತೆ ಬಾ. ನೋಡಿದ ಮೇಲೂ ನಿಂಗೆ ಗಾಡಿನೇ ಬೇಕು ಅನ್ನಿಸಿದ್ರೆ, ಪರವಾನಗಿ ಕೊಡೋ ಆಫೀಸಿನವರ ಹತ್ರ ಬೈಸ್ಕೊಳ್ಳೋಕೆ ನಾನೇ ಹೋಗ್ತೀನಿ."

ಮರುದಿನ ಇಬ್ಬರೂ ಒಣಹಳ್ಳದ ಮರಳಿನಲ್ಲಿ ನಡೆದರು. ಲವಾನ್ ಮಂಡಿ ನೋವೆಂದು ಗೊಣಗಿದಳು. ಪ್ರತಿ ಶುಕ್ರವಾರ ಊರ ಸಭಾಂಗಣದಲ್ಲಿ ಕುಣಿಯುವಾಗ ಈ ಮಂಡಿ ಎಲ್ಲಿ ಹೋಗಿರುತ್ತದೆ ಎಂದು ನೆಡ್ರಾ ಕೇಳಿದಳು. ಹಳ್ಳದ ಮರಳನ್ನು ಮಳೆ ಬಂದಾಗಲೆಲ್ಲ ನೀರೇ ತೊಳೆದು ಹಾಸುತ್ತದೆ, ಅಲ್ಲಿ ಎಷ್ಟು ಹೆಜ್ಜೆ ಇಟ್ಟರೂ ನಷ್ಟವಿಲ್ಲ. ಬರೀ ಬಂಡೆಯ ಮೇಲೂ ಹಾಗೆಯೇ. ದಂಡೆ ಹತ್ತುವಾಗ ಮಾತ್ರ ನೆಡ್ರಾ ಕೈ ಅಡ್ಡ ಹಿಡಿದಳು.

"ಈ ಕರಿ ಮಣ್ಣಿನ ಮೇಲೆ ಕಾಲಿಡಬೇಡ. ಬಂಡೆ ಮೇಲೇ ನಿಂತ್ಕೊ."

ಲವಾನ್ ಬಗ್ಗಿ ನೋಡಿದಳು. ಮಣ್ಣಿನ ಮೇಲೆ ಹಾಲಿನ ಕೆನೆಯಷ್ಟು ತೆಳುವಾದ ಪದರ, ಉಬ್ಬುಬ್ಬಾಗಿ, ಸುಟ್ಟಂತೆ ಕಪ್ಪಗೆ. ನೆಡ್ರಾ ತನ್ನ ಬಾಟಲಿಯಿಂದ ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಳು. ಇಬ್ಬರೂ ಕಾದರು. ಸ್ವಲ್ಪ ಹೊತ್ತಿಗೆ ಆ ಕಪ್ಪಿನ ನಡುವಿನಿಂದ ಹಸಿರು ಎದ್ದುಬಂತು. ಪುಟ್ಟ ಪಾಚಿಗಳು ಕಣ್ಣೆದುರಿಗೇ ಮೈ ಬಿಚ್ಚಿಕೊಂಡವು.

"ಅಯ್ಯೋ," ಎಂದಳು ಲವಾನ್. "ಇದು ಜೀವಂತ!"

"ಜೀವಂತ ಕಣೇ. ಈ ಪದರವೇ ಮಣ್ಣನ್ನ ಹಿಡಿದಿರೋದು, ನೀರು ಕುಡಿಸೋದು, ಗಿಡಕ್ಕೆ ಗೊಬ್ಬರ ಕೊಡೋದು. ಒಂದ್ಸಲ ತುಳಿದ್ರೆ ಪುಡಿ. ಮತ್ತೆ ಕಟ್ಕೊಳ್ಳೋಕೆ ಹತ್ತಾರು ವರ್ಷ ಬೇಕು."

ಲವಾನ್ ತಲೆಯೆತ್ತಿದಳು. ಗಾಲಿ ಗುರುತು ಎದುರಿಗೇ ಇತ್ತು. ರಸ್ತೆಯಿಂದ ಎರಡು ಗೆರೆಯಂತೆ ಕಾಣುತ್ತಿದ್ದದ್ದು ಹತ್ತಿರದಿಂದ ಬೇರೆಯೇ ಆಗಿತ್ತು. ಅದರ ಮೇಲೆ ಇನ್ನೆಷ್ಟೋ ಗಾಡಿಗಳ ಗುರುತು, ಅಡ್ಡಾದಿಡ್ಡಿ ಸುತ್ತುಗಳು. ನಡುವೆ ಬೆಂಕಿ ಹಾಕಿದ ಬೂದಿಗುಂಡಿ, ಒಡೆದ ಬಾಟಲಿ. ಒಂದು ಗೆರೆಯಂತೂ ಮಳೆನೀರಿಗೆ ಕೊರೆದು ಮೊಣಕಾಲಾಳದ ಕೊರಕಲಾಗಿತ್ತು. ಆ ಕೊರಕಲು ನೇರವಾಗಿ ಜೂನಿಪರ್ ಮರದ ಬುಡಕ್ಕೆ ಹೋಗಿತ್ತು. ಮರದ ಬೇರುಗಳು ಬೆತ್ತಲಾಗಿ ಗಾಳಿಯಲ್ಲಿ ನಿಂತಿದ್ದವು. ಅರ್ಧ ಮರ ಒಣಗಿತ್ತು.

"ನಾವು ಬಂದಿದ್ದು ಒಂದೇ ಸಲ ನೆಡ್ರಾ. ಒಂದೇ ಒಂದು ಸಲ."

"ಗೊತ್ತು. ನಿಮ್ಮ ಗುರುತು ನೋಡಿದವರು ಇದೇ ದಾರಿ ಅಂದ್ಕೊಂಡ್ರು. ಅವರ ಹಿಂದೆ ಬಂದವರಿಗಂತೂ ಅನುಮಾನವೇ ಬರಲಿಲ್ಲ. ತಪ್ಪು ನಿಮ್ಮದಲ್ಲ, ಆಗ ಯಾರಿಗೂ ಇದು ತಿಳಿದಿರಲಿಲ್ಲ. ಈಗ ತಿಳಿದಿದೆ."

ಲವಾನ್ ಬಂಡೆಯ ಮೇಲೆ ಕುಳಿತು ಮನಸಾರೆ ಅತ್ತಳು. ಗಂಡ ಬಿಟ್ಟುಹೋದ ಗುರುತೆಂದು ವರ್ಷಾನುಗಟ್ಟಲೆ ಎದೆಯಲ್ಲಿಟ್ಟುಕೊಂಡಿದ್ದದ್ದು ಅವನೇ ಆರಿಸಿದ ಮರವನ್ನು ಕೊಲ್ಲುತ್ತಿತ್ತು. ನೆಡ್ರಾ ಪಕ್ಕದಲ್ಲಿ ಕುಳಿತು ನೀರಿನ ಬಾಟಲಿ ಮುಂದೆ ಹಿಡಿದಳು. ಕೊನೆಗೆ ಲವಾನ್ ಮೂಗೊರೆಸಿಕೊಂಡು ಕೇಳಿದಳು.

"ಇದನ್ನ ಮುಚ್ಚೋಕಾಗುತ್ತಾ?"

"ಆಗುತ್ತೆ. ದಾರಿ ಶುರುವಾಗೋ ಕಡೆ, ಕೊರಕಲಲ್ಲಿ, ಒಣಕೊಂಬೆ ಹಾಕಿದ್ರೆ ಗಾಡಿಯವರು ಬರಲ್ಲ, ನೀರಿನ ರಭಸವೂ ಮುರಿಯುತ್ತೆ. ಆಫೀಸಿನವರ ಒಪ್ಪಿಗೆ ಬೇಕು. ಕೇಳಿದ್ರೆ ಖುಷಿಯಿಂದ ಕೊಡ್ತಾರೆ. ಆದ್ರೆ ಲವಾನ್, ಆಮೇಲೆ ಗುರುತು ಉಳಿಯಲ್ಲ."

"ಮರ ಉಳಿಯುತ್ತಾ?"

"ಉಳಿದೀತು. ಅರ್ಧ ಇನ್ನೂ ಹಸಿರಾಗಿದೆ."

ಮದುವೆಯ ದಿನ ಥೇನ್‌ನ ಪಿಕಪ್ ಹೊರಟಿತು. ಎಲ್ಲರೂ ಅದರಲ್ಲೇ ತುರುಕಿಕೊಂಡು ಬಂದರು, ರಸ್ತೆ ಮುಗಿಯುವವರೆಗೆ ಮಾತ್ರ. ನಾದಿನಿ ತನ್ನ ಚೀಲವನ್ನು ಬೆರಳತುದಿಯಲ್ಲಿ ಹಿಡಿದುಕೊಂಡು, "ಇದೇನಾ ನಂಗೆ ಉಡುಗೊರೆ?" ಎಂದಳು. "ಅದರ ಬಣ್ಣ ನಿನ್ನ ಹೊಸ ಅಂಗಿಗೆ ಒಪ್ಪುತ್ತೆ ಬಿಡು," ಎಂದಳು ಲವಾನ್.

ಹಳ್ಳದ ದಂಡೆಯ ಬಂಡೆಯ ಮೇಲೆ, ಮರ ಕಾಣುವಷ್ಟು ದೂರದಲ್ಲಿ, ಕೊರಾ ಮತ್ತು ಎಮಿಲಿಯೊ ಉಂಗುರ ಬದಲಾಯಿಸಿಕೊಂಡರು. ಅಕ್ಕಿ ಎರಚುವ ಹೊತ್ತು ಬಂದಾಗ ಎಲ್ಲರೂ ಮಳೆನೀರು ಕೊಚ್ಚಿ ತಂದು ಹಳ್ಳದಲ್ಲಿ ಬಿಟ್ಟಿದ್ದ ಒಣಕೊಂಬೆಗಳನ್ನು ಎತ್ತಿಕೊಂಡರು. ಆಫೀಸಿನವರ ಒಪ್ಪಿಗೆ ಪಡೆದು ನೆಡ್ರಾ ತೋರಿಸಿದ ಕಡೆ, ಹಳೆಯ ದಾರಿಯೊಳಗೇ ಸಾಲಾಗಿ ನಡೆದು ಒಬ್ಬೊಬ್ಬರೂ ಒಂದೊಂದು ಕೊಂಬೆ ಇಟ್ಟರು. ಮೊದಲ ಕೊಂಬೆ ಲವಾನ್‌ಳದು. ಅವಳು ಕೊಂಬೆ ಹಿಡಿದು ಆ ಗುರುತನ್ನೇ ನೋಡುತ್ತ ನಿಂತಳು.

"ಅತ್ತೆ, ನಾನು ಇಡಲಾ?" ಎಂದು ಎಮಿಲಿಯೊ ಮುಂದೆ ಬಂದ.

"ಬೇಡಪ್ಪ. ಈ ದಾರಿ ಮಾಡಿದೋಳು ನಾನು, ನಾನೇ ಮುಚ್ತೀನಿ." ಅವಳು ಕೊಂಬೆಯನ್ನು ಗುರುತಿಗೆ ಅಡ್ಡವಾಗಿ ಇಟ್ಟಳು. "ಸಾಕು ಕಣೋ ಥೇನ್. ನಾವು ಚೆನ್ನಾಗೇ ಬಂದ್ವಿ. ಇನ್ನು ಈ ಮಣ್ಣು ಮಲಗಲಿ." ಆಮೇಲೆ ಮಗಳನ್ನು ತಬ್ಬಿಕೊಂಡು, ಇದು ಹಸಿರಾಗೋದನ್ನ ನೋಡೋಕೆ ನಾನಿರಲ್ಲ, ನೀನು ನೋಡಿ ನಂಗೆ ಹೇಳ್ಬೇಕು ಎಂದಳು. ಅಳುತ್ತಲೇ ಇಬ್ಬರೂ ನಕ್ಕರು.

ಓದುಗರೇ, ನೀವೂ ಮರಳುಗಾಡಿನಲ್ಲಿ ಮದುವೆಯಾಗುವ ಯೋಚನೆಯಲ್ಲಿದ್ದರೆ ಖಂಡಿತ ಆಗಿ. ಬಯಲು ನಿಮ್ಮನ್ನು ಬೇಡವೆನ್ನುವುದಿಲ್ಲ. ಹೊರಡುವ ಮೊದಲು ಆ ನೆಲ ನೋಡಿಕೊಳ್ಳುವ ಆಫೀಸಿಗೆ ಹೋಗಿ ಪರವಾನಗಿ ಕೇಳಿ, ಎಲ್ಲಿ ನಿಲ್ಲಬಹುದೆಂದು ಅವರನ್ನೇ ವಿಚಾರಿಸಿ. ಬಂಧುಗಳನ್ನು ಕಡಿಮೆ ಕರೆಯಿರಿ, ಗಾಡಿಗಳನ್ನು ಇನ್ನೂ ಕಡಿಮೆ ತನ್ನಿ. ಹಳ್ಳದ ಮರಳಿನಲ್ಲೋ ಬರೀ ಬಂಡೆಯ ಮೇಲೋ ನಡೆಯಿರಿ, ಕಪ್ಪು ಮಣ್ಣನ್ನು ಮಾತ್ರ ಮುಟ್ಟಬೇಡಿ. ಬಂಡೆಯ ಗುಂಡಿಯಲ್ಲಿ ನಿಂತ ನೀರಿಗೆ ಕಾಲಿಡಬೇಡಿ, ಅದರಲ್ಲಿ ಬದುಕುವ ಪುಟ್ಟ ಜೀವಗಳಿಗೆ ಬೇರೆ ಮನೆಯಿಲ್ಲ. ತಂದದ್ದೆಲ್ಲವನ್ನೂ, ಹೌದು, ಆ ಚೀಲವನ್ನೂ, ನಾಚಿಕೊಳ್ಳದೆ ಊರಿಗೆ ತನ್ನಿ. ಮತ್ತು ಒಂದು ಗಾಲಿ ಗುರುತು ಕಂಡರೆ ಅದನ್ನೇ ದಾರಿ ಎಂದುಕೊಳ್ಳಬೇಡಿ, ಹಿಂದಿರುಗಿ. ನಿಮ್ಮ ಮದುವೆ ನಿಮಗೆ ನೆನಪಿದ್ದರೆ ಸಾಕು, ನೆಲಕ್ಕೆ ಬೇಡ.