ಅತ್ತೆಯ ಫೋಟೋಗಳ ನಡುವಿನ ಪತ್ರ

ಅತ್ತೆ ಮಹಾಂತಮ್ಮ ತೀರಿಕೊಂಡು ಎಂಟು ದಿನವಾಗಿತ್ತು. ಸೋಮವಾರ ಶಿವಗಣಾರಾಧನೆ. ಎಡೆ ಇಡುವ ಹೊತ್ತಿಗೆ ಅವರ ದೊಡ್ಡ ಫೋಟೋ ಸಿದ್ಧವಿರಬೇಕು. ಕ್ಯಾಮೆರಾ ಕಂಡರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ ಅವರು ನಗುತ್ತ ನಿಂತದ್ದು ಒಮ್ಮೆ ಮಾತ್ರ, ಹೋದ ವರ್ಷ ಸಕ್ರೆಬೈಲಿನಲ್ಲಿ, ಆನೆಮರಿಯ ಪಕ್ಕ. ಆ ಹನ್ನೆರಡು ಫೋಟೋಗಳು ಜನ್ನಾಪುರದ ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದವು.

ಅವನ್ನು ಅಳಿಸಿದವಳು ನಾನು.

ಅದೇ ಫೋಲ್ಡರಿನಲ್ಲಿ ನನ್ನದೊಂದು ಪತ್ರವಿತ್ತು. ಶಿವಮೊಗ್ಗದ ಒಂದು ಮಹಿಳಾ ಹಾಸ್ಟೆಲಿಗೆ ಬರೆದದ್ದು. ಗಂಡನಿಂದ ಬೇರೆಯಾಗಿ ಇರಬೇಕೆಂದಿದ್ದೇನೆ, ಜೂನ್‌ನಿಂದ ಒಂದು ಕೋಣೆ ಬೇಕು ಎಂದು. ಕಾರಣವನ್ನೂ ಬರೆದಿದ್ದೆ. ನನ್ನ ಗಂಡ ಜ್ಞಾನೇಶ್ ನನ್ನ ಪರ್ಸು ನೋಡುತ್ತಾರೆ, ಬಸ್ ಟಿಕೆಟ್ ನೋಡುತ್ತಾರೆ, ಕಸದ ಬುಟ್ಟಿಯ ಚೀಟಿಯನ್ನೂ ಬಿಡಿಸಿ ನೋಡುತ್ತಾರೆ. ತಮ್ಮ ಅಮ್ಮನ ಫೋಟೋಗಳನ್ನು ಮಾತ್ರ ನೋಡುತ್ತಿರಲಿಲ್ಲ. ಅದಕ್ಕೇ ಅಲ್ಲಿಟ್ಟೆ.

"ಸ್ಟುಡಿಯೋಗೆ ಕೊಡ್ಬೇಕು, ಅಮ್ಮನ ಫೋಟೋ ತೆಗಿ" ಎನ್ನುತ್ತ ಅವರು ಚಪ್ಪಲಿ ಬಿಡುವಷ್ಟರಲ್ಲಿ ಗಾಬರಿಯಾಗಿ ಇಡೀ ಫೋಲ್ಡರನ್ನೇ ಅಳಿಸಿದ್ದೆ. ರಿಸೈಕಲ್ ಬಿನ್ ಕೂಡ ಖಾಲಿ ಮಾಡಿದ್ದೆ. ವೈರಸ್ ಎಂದು ಸುಳ್ಳು ಹೇಳಿದೆ.

ಮರುದಿನ ಬೆಳಿಗ್ಗೆ ಅವರು ಶಿವಮೊಗ್ಗದ ಕಂಪ್ಯೂಟರ್ ರಿಪೇರಿಯ ನವಾಜ್‌ಗೆ ಫೋನ್ ಮಾಡಿದರು. ರಿಸೀವರ್ ಇಟ್ಟು ನನ್ನ ಕಡೆ ತಿರುಗಿದರು.

"ಅಳಿಸಿದ್ದು ಎಲ್ಲೂ ಹೋಗಲ್ವಂತೆ. ಒಳಗೇ ಇರುತ್ತಂತೆ. ಅದರ ಮೇಲೆ ಹೊಸದು ತುಂಬಿದ್ರೆ ಮಾತ್ರ ಹಾಳು. ನಾವು ಬರೋ ತನಕ ಮುಟ್ಬೇಡ."

ನವಾಜ್‌ನನ್ನು ಕರೆತರಲು ಸ್ಕೂಟರ್ ಹತ್ತಿ ಬಸ್‌ಸ್ಟ್ಯಾಂಡಿಗೆ ಹೊರಟರು. ಗೇಟಿನ ಚಿಲಕದ ಸದ್ದಾದ ಮೇಲೂ ಹತ್ತು ಎಣಿಸಿದೆ. ಮಾಡಬೇಕಾದ್ದು ಏನೆಂದು ಅವರೇ ಹೇಳಿಕೊಟ್ಟಿದ್ದರು.

ವಚನಗಳ ಸಿ.ಡಿ. ಹಾಕಿ ಕಾಪಿ ಮಾಡಿದೆ. ಮತ್ತೆ ಅದನ್ನೇ ಇನ್ನೊಂದು ಹೆಸರಿನಲ್ಲಿ. ಮತ್ತೆ. ಹಳೆಯ ಯಂತ್ರ, ಜಾಗ ಬೇಗ ಬೇಗ ತುಂಬುತ್ತಿತ್ತು.

"ಏನಮ್ಮಾ ರಶ್ಮಿ, ಮುಟ್ಬೇಡ ಅಂದಿದ್ನಲ್ಲ ಜ್ಞಾನೇಶ?" ಮಾವ ಷಣ್ಮುಖಪ್ಪ ಬಾಗಿಲಲ್ಲಿದ್ದರು.

"ಅದು ತಾನಾಗೇ ಓಡ್ತಿದೆ ಮಾವ."

ಅವರು ನಂಬಿದರು. ಸ್ಟೂಲಿನ ಮೇಲೆ ಕುಳಿತರು. "ರೇಷನ್ ಕಾರ್ಡಿನ ಫೋಟೋದಲ್ಲಿ ನಿಮ್ಮತ್ತೆ ಕಳ್ಳಿ ಹಂಗೆ ಕಾಣ್ತಾಳೆ ಕಣಮ್ಮಾ. ಅದನ್ನಿಟ್ಟು ಎಡೆ ಹಾಕಿದ್ರೆ ಎದ್ದು ಬಂದು ಬೈತಾಳೆ." ನಕ್ಕರು. ನಗು ಅರ್ಧಕ್ಕೇ ನಿಂತಿತು. "ಒಂದು ಸಿಕ್ರೂ ಸಾಕು."

ಪರದೆಯ ಮೇಲೆ ಹಸಿರು ಪಟ್ಟಿ ಮುಂದೆ ಸರಿಯುತ್ತಿತ್ತು. ಇನ್ನು ಹದಿನೈದು ನಿಮಿಷ ಓಡಲು ಬಿಟ್ಟರೆ ನನ್ನ ಪತ್ರ ಇಲ್ಲ, ಅವರ ಹೆಂಡತಿಯೂ ಇಲ್ಲ. ಕ್ಯಾನ್ಸಲ್ ಒತ್ತಿದೆ. ಕಾಪಿಗಳನ್ನು ಅಳಿಸಿ, ಸಿ.ಡಿ.ಯನ್ನು ಅದರ ಡಬ್ಬಿಗೆ ಹಾಕಿ ಅಡುಗೆಮನೆಗೆ ಹೋದೆ.

ನವಾಜ್ ಬಂದು ತನ್ನ ಸಾಫ್ಟ್‌ವೇರ್ ಹಾಕಿದ. ಮೊದಲ ಫೋಟೋದಲ್ಲಿ ಹಣೆಯ ವಿಭೂತಿ ಬಂತು, ಹುಬ್ಬಿನ ಕೆಳಗೆಲ್ಲ ಬೂದು. ಎರಡನೆಯದೂ ಹಾಗೇ. "ಯಾರೋ ಮುಟ್ಟಿದ್ದಾರೆ ಸಾರ್" ಎಂದ. ಜ್ಞಾನೇಶ್ ನನ್ನನ್ನು ನೋಡಿದರು. ಮಾವ ನೋಡಲಿಲ್ಲ.

ಹನ್ನೊಂದನೆಯದರಲ್ಲಿ ಅತ್ತೆ ಪೂರ್ತಿ ನಗುತ್ತಿದ್ದರು. ಆನೆಮರಿಯ ಕಾಲುಗಳಷ್ಟೇ ಹೋಗಿದ್ದವು. ಮಾವ ಎದ್ದು ಬಂದು ಪರದೆಗೆ ಕೈಯಿಟ್ಟರು. "ಬಂದ್ಳು."

ಸಿಕ್ಕ ಫೈಲುಗಳ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಹೆಸರಿತ್ತು.

"ಇದ್ಯಾವ್ದೋ ಪತ್ರ. ಚಿಕ್ಕದು, ಏನೂ ಆಗಿಲ್ಲ." ನವಾಜ್ ಒಮ್ಮೆ ನನ್ನ ಮುಖ ನೋಡಿ ಮೌಸಿನಿಂದ ಕೈ ತೆಗೆದ. "ಇದು ಬೇಕಾಗಿಲ್ಲ ಬಿಡಿ ಸಾರ್. ಫೋಟೋ ಸಿಕ್ತಲ್ಲ."

"ತೆಗಿ ಮಾರಾಯ" ಎಂದರು ಜ್ಞಾನೇಶ್, ಕುರ್ಚಿಯನ್ನು ಮುಂದಕ್ಕೆಳೆದುಕೊಳ್ಳುತ್ತ.

ನಾನು ಬಾಗಿಲ ಕಡೆ ಹೆಜ್ಜೆ ಇಟ್ಟೆ. ಮಾವ ನನ್ನ ಕೈ ಹಿಡಿದುಕೊಂಡರು. "ಎಲ್ಲಿಗೆ ಹೋಗ್ತೀಯಮ್ಮಾ, ಇಲ್ಲೇ ಇರು" ಎಂದರು. ಅವರ ಕಣ್ಣು ತುಂಬಿತ್ತು. ಹಿಡಿತ ಬಿಗಿಯಾಗಿತ್ತು.