ಯೂ ಮರದ ಬುಡದ ಬಿಳಿ ಗೂಟ

“ಈ ಪಟ ಉಲ್ಟಾ ಇದೆ,” ಎಂದಳು ಎನಿಡ್ ಮಾಲ್ಟ್‌ಬಿ. “ಗೂಟ ಎಡಗಡೆ ಇರ್ಬೇಕು. ಯಾರು ನೇತುಹಾಕಿದ್ದು ಇದನ್ನ?”

ನೇತುಹಾಕಿದವನು ಪಕ್ಕದಲ್ಲೇ ಪ್ಲಮ್ ಬ್ರೆಡ್ ತಿನ್ನುತ್ತ ನಿಂತಿದ್ದ. ಜಿಲ್ಲಾ ಗ್ರಂಥಾಲಯದ ನೈಜೆಲ್ ಸ್ಲೈಟ್. ಲಿಂಕನ್‌ಷೈರಿನ ಚರ್ಚುಗಳ, ಹಳ್ಳಿಗಳ ಹಳೇ ಪಟಗಳನ್ನೆಲ್ಲ ಹೊಸದಾಗಿ ಅಚ್ಚು ಹಾಕಿಸಿ ಊರೂರಿಗೆ ತರುತ್ತಿದ್ದ. ಈ ಶನಿವಾರ ನಮ್ಮ ಹ್ಯಾಲೆನ್‌ಬಿಯ ಸರದಿ. ಸಭಾಭವನಕ್ಕೆ ಬಂದವರೆಲ್ಲ ಮೊದಲು ಹುಡುಕಿದ್ದು ತಮ್ಮ ತಮ್ಮ ಮನೆಗಳನ್ನೇ. ಸಿಕ್ಕವರಿಗೆ ಹಿಗ್ಗು, ಸಿಗದವರಿಗೆ ನೈಜೆಲ್ ಮೇಲೆ ಮುನಿಸು. ಎನಿಡ್ ಮಾತ್ರ ಮನೆ ಹುಡುಕಲಿಲ್ಲ. ನೆಟ್ಟಗೆ ಹೋಗಿ ಆ ಒಂದು ಪಟದ ಮುಂದೆ ನಿಂತಳು.

ಚರ್ಚಿನ ಬಾಗಿಲಲ್ಲಿ ನಿಂತು ಗೇಟಿನ ಕಡೆ ನೋಡುತ್ತ ತೆಗೆದ ಪಟ ಅದು. ನಡುವೆ ಕಾಲುದಾರಿ, ಅದರ ಆಚೆ ಈಚೆ ಒಂದೊಂದು ಯೂ ಮರ, ನಮಗೆ ಬೆನ್ನು ತಿರುಗಿಸಿದ ಸಮಾಧಿಕಲ್ಲುಗಳು, ಗೇಟಿನಾಚೆ ಎಲ್ಮ್ ಮರಗಳ ಸಾಲು. ಒಂದು ಯೂ ಮರದ ಬುಡದಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ಬಿಳಿ ಚುಕ್ಕೆ. ಗೊತ್ತಿಲ್ಲದವರಿಗೆ ಅದು ಕಾಗದದ ಮೇಲಿನ ಕಲೆ.

ಆ ಗೂಟದ ಕೆಳಗೆ ಅವಳ ಮಗಳಿದ್ದಳು. 1951ರ ಮಾರ್ಚಿನಲ್ಲಿ ಸತ್ತೇ ಹುಟ್ಟಿದ ಕೂಸು. ಅಂಥ ಕೂಸುಗಳಿಗೆ ಆಗ ಪ್ರಾರ್ಥನೆಯೂ ಇಲ್ಲ, ಕಲ್ಲೂ ಇಲ್ಲ. ಎನಿಡ್ ಆಸ್ಪತ್ರೆಯಲ್ಲಿ ಜ್ವರದಿಂದ ನರಳುತ್ತಿದ್ದಾಗ ಅವಳ ಗಂಡ ಸಿರಿಲ್ ಬೆಳ್ಳಂಬೆಳಗ್ಗೆ ಪೆಟ್ಟಿಗೆ ಹೊತ್ತು ತಂದು, ಗೋರಿ ತೋಡುವವನ ಜೊತೆ ನಿಂತು ಮಣ್ಣು ಮಾಡಿ, ಸುಣ್ಣ ಬಳಿದ ಗೂಟ ನೆಟ್ಟುಬಂದ. ಅವಳು ಎದ್ದು ಓಡಾಡುವ ಹೊತ್ತಿಗೆ ಮೇ ತಿಂಗಳು. ಸಿರಿಲ್‌ನಂಥ ಹೊಲದ ಆಳುಗಳು ಒಡೆಯರನ್ನು ಬದಲಿಸುವ ಕಾಲ. ಆಸ್ಪತ್ರೆಯಿಂದ ನೇರ ನಲವತ್ತು ಮೈಲಿ ಆಚೆಯ ಜಮೀನಿಗೆ ಹೋದಳು. ಆ ಗೂಟವನ್ನು ಅವಳು ಕಣ್ಣಾರೆ ನೋಡಲೇ ಇಲ್ಲ.

ಗಂಡ ಹೆಂಡತಿ ಹ್ಯಾಲೆನ್‌ಬಿಗೆ ಮರಳಿದ್ದು ಇಪ್ಪತ್ತೈದು ವರ್ಷದ ಮೇಲೆ. ಅಷ್ಟರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡಿಯಾಗುತ್ತದೆಂದು ಸಮಾಧಿಕಲ್ಲುಗಳನ್ನೆಲ್ಲ ಕಿತ್ತು ಗೋಡೆಗೆ ಒರಗಿಸಿಬಿಟ್ಟಿದ್ದರು. ಇನ್ನು ಮರದ ಗೂಟ ಎಲ್ಲಿ ಉಳಿದೀತು? ಎಲ್ಮ್ ಮರಗಳೂ ರೋಗ ತಗಲಿ ಹೋಗಿದ್ದವು. ಉಳಿದದ್ದು ಅವಳಿಗಳಂಥ ಎರಡು ಯೂ ಮರ.

“ಬಲಗಡೆ,” ಎಂದಿದ್ದ ಸಿರಿಲ್. “ಬಾಗಿಲಿಂದ ಆಚೆ ಬಂದ್ರೆ ಬಲಗೈ ಕಡೆ. ಗುದ್ದಲಿ ಹಿಡ್ಕೊಂಡು ನಿಂತಿದ್ದೆ ಕಣೇ, ಮರೀತೀನಾ?”

ಮರುವರ್ಷ ರಾಣಿಯ ಬೆಳ್ಳಿಹಬ್ಬಕ್ಕೆ ಚರ್ಚಿನವರು ಒಂದು ಕಿರುಪುಸ್ತಕ ತಂದರು. ಅದರ ನಡುಪುಟದಲ್ಲಿ ಇದೇ ಪಟ. ಅದೇ ಐವತ್ತೊಂದರ ಬೇಸಿಗೆಯಲ್ಲಿ ತೆಗೆದದ್ದು. ಬಿಳಿ ಗೂಟ ಎಡಗಡೆ ಇತ್ತು.

“ನೋಡು, ಕಣ್ಣಿದ್ರೆ ನೋಡು,” ಎಂದು ಎನಿಡ್ ಪುಸ್ತಕವನ್ನು ಅವನ ಮೂಗಿಗೆ ಹಿಡಿದಳು. “ನಿನ್ನ ಹಂದಿಗಳು ಎಲ್ಲೆಲ್ಲಿ ಮಲಗಿದ್ವು ಅಂತ ಕೇಳಿದ್ರೆ ಹೇಳ್ತೀಯ. ಸ್ವಂತ ಮಗೂನ ಎಲ್ಲಿ ಹೂತೆ ಅಂತ ಗೊತ್ತಿಲ್ಲ!”

“ಪಟ ಏನಾದ್ರೂ ಹೇಳ್ಲಿ ಎನಿಡ್. ಮಣ್ಣು ಎಳೆದಿದ್ದು ನಾನು.”

“ಪಟ ಆವತ್ತು ಕುಡಿದಿರ್ಲಿಲ್ಲ. ನೀನು ಕುಡಿದಿದ್ದೆ.”

ಆ ಬೆಳಗ್ಗೆ ಗುದ್ದಲಿ ಹಿಡಿಯುವ ಮುಂಚೆ ಎರಡು ಗುಟುಕು ಜಿನ್ ಕುಡಿದದ್ದು ನಿಜ. ಹಾಗಂತ ಅವಳಿಗೆ ಹೇಳಿದ್ದೂ ಅವನೇ, ಎಂದೋ ಒಮ್ಮೆ, ಅಳುತ್ತ. ಅದನ್ನೇ ಎತ್ತಿ ಆಡಿದ ಮೇಲೆ ಸಿರಿಲ್ ವಾದ ಬಿಟ್ಟ. ಎಡಗಡೆಯ ಮರದ ಬುಡದಲ್ಲಿ ‘ರೂತ್, 1951’ ಎಂದು ಕೆತ್ತಿಸಿದ ಪುಟ್ಟ ಕಲ್ಲು ಕೂತಿತು. ಊರಲ್ಲಿ ಯಾರ ಕನ್ನಡಕ ಕಳೆದರೂ, ಯಾರ ಕೊಡೆ ಮರೆತುಹೋದರೂ ಎನಿಡ್‌ಗೆ ಅದೊಂದೇ ಮಾತು: “ನಮ್ಮ ಸಿರಿಲ್ ಹಾಗೆ.” ಹದಿನೇಳು ವರ್ಷ ಅವನು ಅದಕ್ಕೆ ನಕ್ಕ.

ಹೋದ ಅಕ್ಟೋಬರಿನಲ್ಲಿ ಸಾಯುವ ಮುನ್ನ, “ನೀನು ಎಲ್ಲಿ ಅಂತೀಯೋ ಅಲ್ಲೇ ಹಾಕು,” ಎಂದ. ಎನಿಡ್ ಪಾದ್ರಿಯ ಬೆನ್ನು ಬಿದ್ದು, ಕಾಡಿ ಬೇಡಿ, ಆ ಪುಟ್ಟ ಕಲ್ಲಿನ ಮಗ್ಗುಲಲ್ಲೇ ಜಾಗ ಗಿಟ್ಟಿಸಿದಳು. “ಈಗಾದ್ರೂ ಮಗಳ ಪಕ್ಕ ಮಲಗ್ಲಿ. ಇನ್ನು ಮರೆಯೋ ಭಯ ಇಲ್ಲ,” ಎಂದಳು ಶವಸಂಸ್ಕಾರ ಮುಗಿಸಿ ಚಹಾ ಕುಡಿಯುವಾಗ. ಒಂದಿಬ್ಬರು ನಕ್ಕರು ಕೂಡ.

ಈಗ ಅವಳು ಕೈಚೀಲದಿಂದ ಅದೇ ಕಿರುಪುಸ್ತಕ ತೆಗೆದು, ನಡುಪುಟ ಬಿಡಿಸಿ ನೈಜೆಲ್ ಮುಂದೆ ಹಿಡಿದಳು. ಅವನ ಮುಖ ಅರಳಿತು.

“ಅಯ್ಯೋ, ಇದೇ ನೋಡಿ ಆ ತಪ್ಪು! ಉಲ್ಟಾ ಇರೋದು ನಿಮ್ಮ ಪುಸ್ತಕ, ಮಿಸೆಸ್ ಮಾಲ್ಟ್‌ಬಿ. ಈ ಪಟ ತೆಗೆದ ಮುದುಕ ಕೊನೇವರೆಗೂ ಗಾಜಿನ ಫಲಕದ ಮೇಲೇ ತೆಗೀತಿದ್ದ. ಗಾಜನ್ನ ಮಗುಚಿ ಇಟ್ಟು ಅಚ್ಚು ಹಾಕಿದ್ರೆ ಎಡ ಬಲ ಅದಲು ಬದಲು.”

“ಮಗುಚಿಟ್ಟಿದ್ದು ನೀವೇ ಅಲ್ಲ ಅಂತ ಏನು ಗ್ಯಾರಂಟಿ?”

“ಇಲ್ಲಿ ನೋಡಿ.” ಪಟದ ಕೆಳ ಅಂಚಿಗೆ ಬೆರಳಿಟ್ಟ. ಹ್ಯಾಲೆನ್‌ಬಿ, ಜುಲೈ 1951 ಎಂದು ಸೂಜಿಯಿಂದ ಗೀಚಿದ ಸಣ್ಣ ಅಕ್ಷರ, ನೆಟ್ಟಗೆ, ಓದುವ ಹಾಗೆ. “ಅವನೇ ಗಾಜಿನ ಮೇಲೆ ಬರೆದಿದ್ದು. ನಾನು ಗಾಜು ಮಗುಚಿದ್ರೆ ಈ ಅಕ್ಷರಾನೂ ತಿರುಗುಮುರುಗು ಆಗ್ತಿತ್ತು. ಪುಸ್ತಕದವರು ಅಂಚು ಕತ್ತರಿಸಿ ಬಿಸಾಕಿದಾರೆ, ಅದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ. ಅಂದ ಹಾಗೆ, ಆ ಬಿಳಿ ಗೂಟ ಏನಂತ ನಿಮಗೇನಾದ್ರೂ ಗೊತ್ತಾ? ಗೊತ್ತಿದ್ರೆ ಕೆಳಗೆ ಬರೆದು ಹಾಕ್ಬಹುದು.”

ಎನಿಡ್ ಪುಸ್ತಕ ಮಡಚಿದಳು. ಅಷ್ಟು ಜನರ ನಡುವೆ ಬತ್ತಲೆ ನಿಂತಂಥ ನಾಚಿಕೆ.

“ನಂಗೇನು ಗೊತ್ತು,” ಎಂದಳು. “ನನ್ನ ಗಂಡನ್ನ ಕೇಳ್ಬೇಕಿತ್ತು.”

ಚಹಾ ತಂದವರಿಗೆ ಬೇಡವೆಂದು ಹೇಳಿ ಹೊರಬಿದ್ದಳು. ಚರ್ಚು ರಸ್ತೆಯ ಆಚೆಗೇ ಇತ್ತು. ಗೇಟಿನಿಂದ ದಾರಿ ಹಿಡಿದು ಬಾಗಿಲವರೆಗೂ ನಡೆದಳು. ಅಲ್ಲಿ ತಿರುಗಿ ನಿಂತು, ಮಗುವಿಗೆ ಹೇಳಿಕೊಡುವವಳಂತೆ ಬಲಗೈ ಎತ್ತಿ ನೋಡಿಕೊಂಡಳು.

ಬಲಗಡೆಯ ಮರದ ಬುಡದಲ್ಲಿ ಚರ್ಚಂಗಳದ ಕಸದ ಗುಡ್ಡೆಯಿತ್ತು. ಕತ್ತರಿಸಿದ ಹುಲ್ಲು, ಹಾರಗಳ ತಂತಿ, ಕೊಳೆತ ಹೂ. ಶನಿವಾರ ಶನಿವಾರ ಅವಳು ಎಡಗಡೆಯ ಕಲ್ಲಿಗೆ ಹೊಸ ಹೂವಿಟ್ಟು, ಬಾಡಿದ್ದನ್ನು ತಂದು ಎಸೆಯುತ್ತಿದ್ದದ್ದು ಇಲ್ಲಿಗೇ. ಸಿರಿಲ್ ಅವಳ ಜೊತೆ ಕಲ್ಲಿನವರೆಗೂ ಬರುತ್ತಿರಲಿಲ್ಲ. ಇಲ್ಲೇ ಟೋಪಿ ತೆಗೆದು ನಿಂತು, ಬೂಟಿನಿಂದ ಕಸವನ್ನು ಅಷ್ಟಷ್ಟು ಆಚೆಗೆ ಸರಿಸುತ್ತಿದ್ದ. “ಅಲ್ಲೇ ಕಸ ಕಾಯ್ಕೊಂಡಿರು,” ಎನ್ನುತ್ತಿದ್ದಳು.

ಎನಿಡ್ ಕೈಗವಸು ಬಿಚ್ಚಿದಳು. ಮಂಡಿಯೂರಿ ಎರಡೂ ಕೈಯಿಂದ ಕಸ ಎಳೆಯತೊಡಗಿದಳು.

“ಬಿಡಿ ಬಿಡಿ, ಮಿಸೆಸ್ ಮಾಲ್ಟ್‌ಬಿ!” ಹುಲ್ಲು ಕತ್ತರಿಸುವ ಲೆನ್ ಗೋಡೆಯ ಬದಿಯಿಂದ ಕೂಗಿದ. “ಬಟ್ಟೆ ಯಾಕೆ ಹಾಳು ಮಾಡ್ಕೊತೀರಿ? ಸೋಮವಾರ ಬೆಂಕಿ ಹಾಕ್ತೀನಿ, ಪ್ರತಿ ವರ್ಷ ಹಾಕೋ ಹಾಗೆ.”

ಅವಳು ಎಳೆಯುತ್ತಲೇ ಇದ್ದಳು. ಹುಲ್ಲಿನ ಮೊದಲ ಪದರ ಜಾರಿದಾಗ ಹೋದ ವಾರದ ಸೇವಂತಿಗೆಗಳು ಹೊರಬಂದವು, ಅವಳೇ ಸುತ್ತಿದ್ದ ಹಸಿರು ದಾರದ ಸಮೇತ.